ಕ್ಯಾಥೆಟರ್ ಹಾಕುವ ಮೊದಲು, ಸ್ಕ್ಯಾನ್‌ಗೆ ಕಳಿಸುವ ಮೊದಲು

ಮೂತ್ರಾಂಗಗಳ ತುರ್ತು ಕೇಸುಗಳಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಓಡಬೇಕಾದ ಕಡೆ ಕಾಯುತ್ತೇವೆ, ಕಾಯಬೇಕಾದ ಕಡೆ ಓಡುತ್ತೇವೆ. ವೃಷಣ ನೋವೆಂದು ಬಂದ ಹುಡುಗನನ್ನು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನ ಸರದಿಯಲ್ಲಿ ಕೂರಿಸುತ್ತೇವೆ. ಬೈಕಿನಿಂದ ಬಿದ್ದು ಮೂತ್ರದ್ವಾರದಲ್ಲಿ ರಕ್ತ ಕಾಣಿಸಿದವನಿಗೆ ಹಿಂದೆಮುಂದೆ ನೋಡದೆ ಕ್ಯಾಥೆಟರ್, ಅಂದರೆ ಮೂತ್ರ ಇಳಿಸುವ ನಳಿಕೆ, ತೂರಿಸುತ್ತೇವೆ. ಯುರಾಲಜಿಸ್ಟ್ (ಮೂತ್ರಾಂಗಗಳ ತಜ್ಞ) ಇಲ್ಲದ, ಆಪರೇಷನ್ ಥಿಯೇಟರ್ ಇಲ್ಲದ ಸಣ್ಣ ತುರ್ತು ಕೇಂದ್ರದಲ್ಲಿ ಯಾವುದನ್ನು ಇಲ್ಲೇ ಮುಗಿಸಬೇಕು, ಯಾವುದನ್ನು ಮುಟ್ಟದೆ ಕಳಿಸಬೇಕು, ಯಾವುದಕ್ಕೆ ಕೈ ಹಚ್ಚಿ ಆಮೇಲೆ ಕಳಿಸಬೇಕು ಅನ್ನುವುದರಲ್ಲೇ ಅರ್ಧ ಚಿಕಿತ್ಸೆ ಇದೆ.

ವೃಷಣದ ಟಾರ್ಷನ್‌ನಿಂದ ಶುರು ಮಾಡೋಣ. ವೃಷಣ ತನ್ನ ಬಳ್ಳಿಯ ಸುತ್ತ ತಿರುಚಿಕೊಂಡಾಗ ಮೊದಲು ಮುಚ್ಚಿಕೊಳ್ಳುವುದು ತೆಳುಗೋಡೆಯ ಅಭಿಧಮನಿ. ರಕ್ತ ಹೊರಗೆ ಹೋಗದೆ ವೃಷಣ ಊದುತ್ತದೆ, ಆ ಊತವೇ ಕೊನೆಗೆ ಅಪಧಮನಿಯನ್ನೂ ಅಮುಕುತ್ತದೆ. ನೋವು ಶುರುವಾದ 6 ಗಂಟೆಯೊಳಗೆ ಬಿಡಿಸಿದರೆ ಹತ್ತರಲ್ಲಿ ಒಂಬತ್ತಾದರೂ ಉಳಿಯುತ್ತವೆ. 12 ಗಂಟೆಯ ಹೊತ್ತಿಗೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ, 24 ದಾಟಿದರೆ ಉಳಿಯುವುದು ಅಪರೂಪ. ಈ ಲೆಕ್ಕ ನೋವು ಶುರುವಾದ ಕ್ಷಣದಿಂದ, ರೋಗಿ ನಿಮ್ಮ ಬಾಗಿಲಿಗೆ ಬಂದ ಕ್ಷಣದಿಂದಲ್ಲ.

ಹುಡುಗರು ನಾಚಿಕೆಗೆ 'ಹೊಟ್ಟೆನೋವು' ಅಂತಷ್ಟೇ ಹೇಳುತ್ತಾರೆ. ಕೆಳಹೊಟ್ಟೆ ನೋವು, ಜೊತೆಗೆ ವಾಂತಿ ಅಂತ ಬಂದ ಹುಡುಗನ ಚಡ್ಡಿ ಇಳಿಸಿ ನೋಡದೆ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಡುವುದು ಈ ಕಾಯಿಲೆಯಲ್ಲಿ ಆಗುವ ಅತಿ ದುಬಾರಿ ತಪ್ಪು. ನೋಡುವಾಗ ಟಾರ್ಷನ್ ಸಾಧ್ಯತೆ ಅಳೆಯುವ ಟ್ವಿಸ್ಟ್ ಸ್ಕೋರ್ ನೆನಪಿರಲಿ: ಊತಕ್ಕೆ 2, ಕಲ್ಲಿನಂತೆ ಗಟ್ಟಿಯಾದ ವೃಷಣಕ್ಕೆ 2, ಕ್ರಿಮಾಸ್ಟರಿಕ್ ರಿಫ್ಲೆಕ್ಸ್ ಇಲ್ಲದಿದ್ದರೆ 1, ವಾಕರಿಕೆ ಅಥವಾ ವಾಂತಿಗೆ 1, ಮೇಲೇರಿ ಕೂತ ವೃಷಣಕ್ಕೆ 1. ತೊಡೆಯ ಒಳಭಾಗವನ್ನು ಮೆಲ್ಲಗೆ ಗೀರಿದಾಗ ಅದೇ ಬದಿಯ ವೃಷಣ ಮೇಲೆ ಜಿಗಿಯಬೇಕು, ಅದೇ ಆ ರಿಫ್ಲೆಕ್ಸ್. ಒಟ್ಟು 5 ಅಥವಾ ಹೆಚ್ಚು ಬಂದರೆ ಸ್ಕ್ಯಾನ್ ಬೇಡ, ಸರ್ಜನ್‌ಗೆ ಫೋನ್ ಮಾಡಿ. ರಿಫ್ಲೆಕ್ಸ್ ಇದ್ದ ಮಾತ್ರಕ್ಕೆ, ಡಾಪ್ಲರ್‌ನಲ್ಲಿ ರಕ್ತ ಹರಿಯುವುದು ಕಂಡ ಮಾತ್ರಕ್ಕೆ ಟಾರ್ಷನ್ ಇಲ್ಲ ಅಂತಲೂ ಅಲ್ಲ. ಅರ್ಧ ತಿರುಚಿಕೊಂಡಾಗ ಅಥವಾ ತಿರುಚಿ ಬಿಚ್ಚಿಕೊಳ್ಳುತ್ತಿರುವಾಗ ರಕ್ತ ಹರಿಯುತ್ತಲೇ ಇರಬಹುದು.

ಥಿಯೇಟರ್ ದೂರವಿದ್ದರೆ ಕೈಯಿಂದ ಬಿಡಿಸಲು ನೋಡಿ. ರೋಗಿಯ ಕಾಲ ಬಳಿ, ಮುಖಕ್ಕೆ ಮುಖ ಮಾಡಿ ನಿಂತು, ಪುಸ್ತಕದ ಎರಡು ಮಗ್ಗುಲನ್ನು ತೆರೆದಂತೆ ವೃಷಣದ ಮುಂಭಾಗವನ್ನು ಆಯಾ ಬದಿಯ ತೊಡೆಯ ಕಡೆಗೆ ತಿರುಗಿಸಿ. ಅರ್ಧ ಸುತ್ತಿಗೆ ನಿಂತು ನೋಡಿ. ಸಾಮಾನ್ಯವಾಗಿ ಸುಮಾರು ಒಂದೂವರೆ ಸುತ್ತು ಬೇಕಾಗುತ್ತದೆ. ನೋವು ಥಟ್ಟನೆ ಇಳಿದು ವೃಷಣ ಕೆಳಗೆ ಜಾರಿದರೆ ಗೆದ್ದಿರಿ. ನೋವು ಹೆಚ್ಚಾದರೆ ದಿಕ್ಕು ಬದಲಿಸಿ, ಏಕೆಂದರೆ ಮೂರರಲ್ಲಿ ಸುಮಾರು ಒಂದು ವೃಷಣ ಹೊರಮುಖವಾಗಿಯೇ ತಿರುಚಿಕೊಂಡಿರುತ್ತದೆ. ಗೆದ್ದರೂ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಒಳಗೆ ಇನ್ನೂ ಅರ್ಧ ಸುತ್ತು ಉಳಿದಿರಬಹುದು. ಎರಡೂ ಬದಿಯನ್ನು ಹೊಲಿದು ನಿಲ್ಲಿಸುವ ಆಪರೇಷನ್ ಆಗಲೇಬೇಕು.

ಇನ್ನು ಕೈ ತಡೆದು ನಿಲ್ಲಬೇಕಾದ ಕೇಸು. ಸೊಂಟದ ಮೂಳೆ ಮುರಿದವರು, ಸೈಕಲ್ ಬಾರ್ ಮೇಲೋ ಕಂಪೌಂಡ್ ಗೋಡೆ ಮೇಲೋ ಕಾಲಗಲಿಸಿ ಬಿದ್ದವರು. ಮೂತ್ರದ್ವಾರದಲ್ಲಿ ಒಂದೇ ಒಂದು ಹನಿ ರಕ್ತ, ಗುದದ ಮುಂಭಾಗದಲ್ಲಿ ಚಿಟ್ಟೆಯಾಕಾರದ ಕಪ್ಪು ಕಲೆ, ಒತ್ತಡವಿದ್ದರೂ ಬಾರದ ಮೂತ್ರ: ಇವುಗಳಲ್ಲಿ ಯಾವುದು ಕಂಡರೂ ಕ್ಯಾಥೆಟರ್ ಟ್ರೇ ಪಕ್ಕಕ್ಕಿಡಿ. ಅರ್ಧ ಹರಿದ ಮೂತ್ರನಾಳವನ್ನು ಪೂರ್ತಿ ಹರಿಯುವುದಕ್ಕೆ ಗಡಸು ಕ್ಯಾಥೆಟರ್‌ನ ಒಂದು ತಳ್ಳು ಸಾಕು. ಮೊದಲು ರೆಟ್ರೋಗ್ರೇಡ್ ಯುರೆತ್ರೋಗ್ರಾಮ್, ಅಂದರೆ ಮೂತ್ರನಾಳದ ಎಕ್ಸ್‌ರೇ: ರೋಗಿಯನ್ನು 30ರಿಂದ 45 ಡಿಗ್ರಿ ಓರೆಯಾಗಿ ಮಲಗಿಸಿ, ಶಿಶ್ನವನ್ನು ಎಳೆದು ಹಿಡಿದು, 20–30 ಎಂಎಲ್ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಮೆಲ್ಲಗೆ ಬಿಟ್ಟು ಎಕ್ಸ್‌ರೇ ತೆಗೆಯಬೇಕು. ಆ ಸೌಕರ್ಯವಿಲ್ಲದಿದ್ದರೆ 'ಮೂತ್ರ ಮಾಡಬೇಡಿ' ಅಂತ ಹೇಳಿ ರೋಗಿಯನ್ನು ಮುಂದಕ್ಕೆ ಕಳಿಸಿ. ಮೂತ್ರಕೋಶ ತುಂಬಿ ಸಂಕಟವಾಗುತ್ತಿದ್ದರೆ ಹೊಕ್ಕುಳ ಕೆಳಗಿನಿಂದ, ಸ್ಕ್ಯಾನ್ ನೋಡಿಕೊಂಡು, ಹೊಟ್ಟೆಯ ಚರ್ಮದ ಮೂಲಕ ನೇರ ಮೂತ್ರಕೋಶಕ್ಕೆ ಹೋಗುವ ಸುಪ್ರಾಪ್ಯೂಬಿಕ್ ದಾರಿಯೇ ಸರಿ.

ಸೊಂಟದ ಮೂಳೆ ಮುರಿತದ ಜೊತೆಗೆ ಮೂತ್ರದಲ್ಲಿ ಕಣ್ಣಿಗೆ ಕಾಣುವ ರಕ್ತ ಇದ್ದರೆ ಮೂತ್ರಕೋಶವೂ ಒಡೆದಿರಬಹುದು. ಇಲ್ಲಿ ಒಂದು ಎಡವಟ್ಟು ನಡೆಯುತ್ತದೆ: ಸಿಟಿ ಮಾಡುವಾಗ ಕ್ಯಾಥೆಟರ್‌ಗೆ ಕ್ಲಾಂಪ್ ಹಾಕಿ, ಕಿಡ್ನಿಯಿಂದ ಇಳಿದ ಕಾಂಟ್ರಾಸ್ಟ್‌ನಲ್ಲೇ ಮೂತ್ರಕೋಶ ತುಂಬಿಸಿ 'ಸೋರಿಕೆ ಇಲ್ಲ' ಅಂದುಬಿಡುತ್ತಾರೆ. ಅಷ್ಟು ಒತ್ತಡಕ್ಕೆ ಸಣ್ಣ ತೂತು ಬಾಯಿ ಬಿಡುವುದಿಲ್ಲ. ಕ್ಯಾಥೆಟರ್ ಮೂಲಕವೇ 300–350 ಎಂಎಲ್ ತೆಳು ಕಾಂಟ್ರಾಸ್ಟ್ ತುಂಬಿ ಸಿಸ್ಟೋಗ್ರಾಮ್ (ಮೂತ್ರಕೋಶದ ಚಿತ್ರ) ಮಾಡಬೇಕು. ಹೊಟ್ಟೆಯ ಪೊರೆಯೊಳಗೆ ಸೋರಿದರೆ ಆಪರೇಷನ್. ಹೊರಗೆ ಸೋರಿದ್ದು ತೊಡಕಿಲ್ಲದಿದ್ದರೆ ಎರಡು ಮೂರು ವಾರದ ಕ್ಯಾಥೆಟರ್‌ನಲ್ಲೇ ಮಾಯುತ್ತದೆ.

ಕಿಡ್ನಿ ಪೆಟ್ಟಿನ ಬಗ್ಗೆ ಇಷ್ಟೇ. ಮೂತ್ರದ ಕೆಂಪು ನೋಡಿ ಪೆಟ್ಟನ್ನು ಅಳೆಯಬೇಡಿ. ರಕ್ತನಾಳವೇ ಕಿತ್ತುಬಂದ ಕಿಡ್ನಿಯಿಂದ ಮೂತ್ರವೇ ಇಳಿಯದೆ ಸ್ಯಾಂಪಲ್ ತಿಳಿಯಾಗಿರಬಹುದು. ಕಣ್ಣಿಗೆ ಕಾಣುವ ರಕ್ತ, ಅಥವಾ ಸೂಕ್ಷ್ಮ ರಕ್ತದ ಜೊತೆ ಮೇಲಿನ ಬಿಪಿ 90ಕ್ಕಿಂತ ಕಡಿಮೆ, ಅಥವಾ ಎತ್ತರದಿಂದ ಬಿದ್ದ ಇತಿಹಾಸ ಇದ್ದರೆ ಸಿಟಿ ಇರುವ ಕಡೆಗೆ ಕಳಿಸಿ.

ಈಗ ದಿನವೂ ಬರುವ ಕೇಸು: ಮೂತ್ರ ಕಟ್ಟಿಕೊಂಡ ವಯಸ್ಸಾದವರು. ಪೆಟ್ಟಿನ ಸುಳಿವಿಲ್ಲದಿದ್ದರೆ ಇದನ್ನು ಇಲ್ಲೇ ಮುಗಿಸಬಹುದು. ಲಿಗ್ನೊಕೇನ್ ಜೆಲ್ 10–15 ಎಂಎಲ್ ಬಿಟ್ಟು, ತುದಿಯನ್ನು ಒತ್ತಿ ಹಿಡಿದು, ನಿಜವಾಗಿ 5 ನಿಮಿಷ ಕಾಯಿರಿ. ಹೆಚ್ಚಿನವರು ಅರ್ಧ ನಿಮಿಷವೂ ಕಾಯುವುದಿಲ್ಲ. ಆಮೇಲೆ 'ರೋಗಿ ಸಹಕರಿಸಲಿಲ್ಲ' ಅಂತ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಶಿಶ್ನವನ್ನು ನೆಟ್ಟಗೆ ಮೇಲಕ್ಕೆ ಎಳೆದು ಹಿಡಿದರೆ ಮೊದಲ ತಿರುವು ನೇರವಾಗುತ್ತದೆ. 16 ಫ್ರೆಂಚ್‌ನಿಂದ (ಕ್ಯಾಥೆಟರ್ ದಪ್ಪದ ಅಳತೆ) ಶುರು ಮಾಡಿ. ಪ್ರಾಸ್ಟೇಟ್ ಬಳಿ ತಡೆದರೆ ಸಣ್ಣದಕ್ಕೆ ಇಳಿಯುವುದು ಎಲ್ಲರ ಸಹಜ ಬುದ್ಧಿ, ಆದರೆ ಅದು ತಪ್ಪು. ತೆಳುವಾದದ್ದು ಅಲ್ಲೇ ಮಡಚಿ ಸುರುಳಿಯಾಗುತ್ತದೆ. ಬೇಕಾದದ್ದು 18ರ, ತುದಿ ಬಾಗಿದ 'ಕೂಡೆ' (Coudé) ಕ್ಯಾಥೆಟರ್, ಅದರ ಬಾಗಿದ ಮೂತಿ ಸದಾ 12 ಗಂಟೆಯ ಕಡೆಗೆ. ಸಣ್ಣ 12 ಫ್ರೆಂಚ್ ಬೇಕಾಗುವುದು ಮೂತ್ರನಾಳವೇ ಕಿರಿದಾದವರಿಗೆ.

ಬಲೂನ್ ಊದುವ ಮೊದಲು ಕ್ಯಾಥೆಟರ್ ವೈ ಆಕಾರದ ಕವಲಿನವರೆಗೂ ಒಳಗೆ ಹೋಗಿರಬೇಕು, ಮೂತ್ರವೂ ಬಂದಿರಬೇಕು. ಮೂತ್ರ ಬಾರದಿದ್ದರೆ ಜೆಲ್ ಕ್ಯಾಥೆಟರ್ ತುದಿಯ ತೂತಿಗೆ ಅಡ್ಡ ಕೂತಿರಬಹುದು. 30–50 ಎಂಎಲ್ ಸಲೈನ್ ಬಿಟ್ಟು ಎಳೆದು ನೋಡಿ. ಬಿಟ್ಟದ್ದು ವಾಪಸ್ ಬಾರದಿದ್ದರೆ ಊದಬೇಡಿ. ಊದುವಾಗ ರೋಗಿ ಚೀರಿದರೆ ಬಲೂನ್ ಪ್ರಾಸ್ಟೇಟ್‌ನೊಳಗೇ ಇದೆ, ತಕ್ಷಣ ಇಳಿಸಿ. ಬಲೂನಿಗೆ ಸ್ಟೆರೈಲ್ ವಾಟರ್ ಹಾಕಿ. ಸಲೈನ್ ಹಾಕಿದರೆ ಉಪ್ಪು ಕಟ್ಟಿ ತೆಗೆಯುವ ದಿನ ಬಲೂನ್ ಇಳಿಯದೆ ಹಠ ಹಿಡಿಯಬಹುದು. ಎರಡು ಸಲ ಪ್ರಯತ್ನಿಸಿ ಆಗಲಿಲ್ಲವೆಂದರೆ ಮೂರನೆಯದು ಬೇಡ.

ರಕ್ತದ ಹೆಪ್ಪಿನಿಂದ ಕಟ್ಟಿಕೊಂಡಿದ್ದರೆ ಮಾತು ಬೇರೆ: 22 ಅಥವಾ 24ರ ತ್ರೀ ವೇ (ಮೂರು ದಾರಿಯ) ಕ್ಯಾಥೆಟರ್, 50 ಎಂಎಲ್ ಸಿರಿಂಜಿನಿಂದ ಹೆಪ್ಪನ್ನೆಲ್ಲ ಕೈಯಾರೆ ಎಳೆದು ತೆಗೆದ ಮೇಲಷ್ಟೇ ಡ್ರಿಪ್ ತೊಳೆತ. ಹೆಪ್ಪು ಒಳಗಿರುವಾಗಲೇ ನೀರು ಹರಿಸಿದರೆ ಮೂತ್ರಕೋಶ ಇನ್ನಷ್ಟು ಹಿಗ್ಗುತ್ತದೆ. ಕಟ್ಟಿದ ಮೂತ್ರವನ್ನು ಆಗಾಗ ಕ್ಲಾಂಪ್ ಹಾಕಿ ಸ್ವಲ್ಪ ಸ್ವಲ್ಪವೇ ಬಿಡುವ ಹಳೆಯ ರೂಢಿಯಿಂದ ಲಾಭವೇನೂ ಕಂಡಿಲ್ಲ, ಒಮ್ಮೆಲೇ ಬಿಡಿ. ಆಮೇಲೆ ಗಂಟೆಗೆ 200 ಎಂಎಲ್‌ಗಿಂತ ಹೆಚ್ಚು ಸತತ ಎರಡು ಗಂಟೆ ಬಂದರೆ ಮನೆಗೆ ಕಳಿಸಬೇಡಿ, ನೀರು ಲವಣಗಳ ಮೇಲೆ ಕಣ್ಣಿಡಬೇಕು. ಬೆನ್ನುನೋವು, ಕಾಲಲ್ಲಿ ಬಲಹೀನತೆ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು ಇದೆಯಾ ಅಂತ ಎಲ್ಲರಿಗೂ ಕೇಳಿ. ಇದ್ದರೆ ಅದು ಬೆನ್ನುಹುರಿಯ ತುರ್ತು.

ಕ್ಯಾಥೆಟರ್ ಹಾಕಿ ಮುಗಿದ ಮೇಲೆ ಮುಂದೊಗಲನ್ನು ವಾಪಸ್ ಮುಂದಕ್ಕೆ ಎಳೆಯಿರಿ. ಇದನ್ನು ಮರೆತೇ ಎಷ್ಟೋ ಪ್ಯಾರಾಫೈಮೋಸಿಸ್ (ಹಿಂದೆ ಸರಿದ ಮುಂದೊಗಲು ವಾಪಸ್ ಬಾರದೆ ಬಿಗಿದು ಊದುವುದು) ಆಗುತ್ತವೆ. ಆದರೆ ಗಾಬರಿ ಬೇಡ. ಊದಿದ ಭಾಗವನ್ನು ಅಂಗೈಯಲ್ಲಿ ಹಿಡಿದು 5–10 ನಿಮಿಷ ಬಿಡದೆ ಒತ್ತಿ. ನೀರು ಹಿಂದಕ್ಕೆ ಸರಿಯುತ್ತದೆ. ಆಮೇಲೆ ಎರಡು ಹೆಬ್ಬೆರಳು ತುದಿಯ ಮೇಲೆ, ಉಳಿದ ಬೆರಳು ಬಿಗಿದ ಪಟ್ಟಿಯ ಹಿಂದೆ ಇಟ್ಟು, ತುದಿಯನ್ನು ಒಳಕ್ಕೆ ತಳ್ಳಿ. ಒತ್ತುವ ಹಂತ ಬಿಟ್ಟು ನೇರ ತಳ್ಳಲು ಹೋಗುವುದರಿಂದಲೇ ಹೆಚ್ಚಿನವು ಸೋಲುತ್ತವೆ.

ಜಿಪ್‌ಗೆ ಸಿಕ್ಕಿಕೊಂಡ ಚರ್ಮಕ್ಕೆ ಮೊದಲು ಮಿನರಲ್ ಆಯಿಲ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಬಿಡದಿದ್ದರೆ ಜಿಪ್ ಎಳೆಯುವ ತುಂಡಿನ ಎರಡು ತಟ್ಟೆ ಸೇರಿಸುವ ನಡುವಿನ ಕಂಬಿಯನ್ನು ವೈರ್ ಕಟರ್‌ನಿಂದ ಕತ್ತರಿಸಿ, ಎಲ್ಲ ಬಿಚ್ಚಿಕೊಳ್ಳುತ್ತದೆ. ತುರ್ತು ಕೋಣೆಯ ಡ್ರಾಯರ್‌ನಲ್ಲಿ ಒಂದು ಕಟರ್ ಇರಲಿ.

4 ಗಂಟೆ ಮೀರಿ ಇಳಿಯದ ಶಿಶ್ನದ ನಿಮಿರುವಿಕೆ, ಅಂದರೆ ಪ್ರಯಾಪಿಸಮ್, ಮತ್ತೆ ಓಡಬೇಕಾದ ಕೇಸು. ನೋವಿದ್ದು, ತೆಗೆದ ರಕ್ತ ಕಪ್ಪಾಗಿ, ಅದರ ಬ್ಲಡ್ ಗ್ಯಾಸ್ ಪರೀಕ್ಷೆಯಲ್ಲಿ ಪಿಎಚ್ 7.25ಕ್ಕಿಂತ ಕಡಿಮೆ, ಆಮ್ಲಜನಕದ ಒತ್ತಡ 30 ಎಂಎಂಎಚ್‌ಜಿಗಿಂತ ಕಡಿಮೆ ಇದ್ದರೆ ಒಳಗಿನ ಸ್ನಾಯು ಸಾಯುತ್ತಿದೆ. ಬುಡದಲ್ಲಿ ಮರಗಟ್ಟಿಸಿ, 19–21 ಗೇಜ್ ಬಟರ್‌ಫ್ಲೈ ಸೂಜಿಯನ್ನು 3 ಅಥವಾ 9 ಗಂಟೆಯ ಜಾಗದಲ್ಲಿ ಚುಚ್ಚಿ ರಕ್ತ ಎಳೆಯಿರಿ. 12 ಗಂಟೆಯಲ್ಲಿ ನರ, ರಕ್ತನಾಳಗಳಿವೆ, 6ರಲ್ಲಿ ಮೂತ್ರನಾಳ. ಎರಡೂ ಬದಿ ಒಳಗೆ ಸೇರಿರುವುದರಿಂದ ಒಂದು ಬದಿ ಸಾಮಾನ್ಯವಾಗಿ ಸಾಕು. ರಕ್ತನಾಳ ಬಿಗಿಸುವ ಔಷಧಿ ಫಿನೈಲೆಫ್ರಿನ್ 10 ಮಿಲಿಗ್ರಾಂ ಅನ್ನು 100 ಎಂಎಲ್ ಸಲೈನ್‌ಗೆ ಬೆರೆಸಿದರೆ ಎಂಎಲ್‌ಗೆ ಸುಮಾರು 100 ಮೈಕ್ರೋಗ್ರಾಂ. 2 ಎಂಎಲ್‌ನಂತೆ 3–5 ನಿಮಿಷಕ್ಕೊಮ್ಮೆ, ಗಂಟೆಯಲ್ಲಿ ಒಟ್ಟು 1 ಮಿಲಿಗ್ರಾಂ ಮೀರದಂತೆ, ಬಿಪಿ ಮತ್ತು ಇಸಿಜಿ ನೋಡುತ್ತಾ ಕೊಡಿ. ಬೆರೆಸುವಾಗ ಒಂದು ಸೊನ್ನೆ ತಪ್ಪಿದರೂ ಬಿಪಿ ಗಗನಕ್ಕೇರುತ್ತದೆ, ಆದ್ದರಿಂದ ಇನ್ನೊಬ್ಬರಿಂದ ಲೆಕ್ಕ ಓದಿಸಿ.

'ಪಟ್' ಎಂಬ ಸದ್ದು, ತಕ್ಷಣ ಇಳಿದ ನಿಮಿರು, ಬದನೆಕಾಯಿಯಂತೆ ಊದಿ ನೀಲಿಯಾದ ಶಿಶ್ನ: ಇದು ಪೆನೈಲ್ ಫ್ರಾಕ್ಚರ್, ಅಂದರೆ ನಿಮಿರಿದ ಶಿಶ್ನದ ಒಳಪೊರೆ ಹರಿದದ್ದು. ಸ್ಕ್ಯಾನ್‌ಗೆ ಕಾಯದೆ ಸರ್ಜನ್‌ಗೆ ಕಳಿಸಿ. ಮಧುಮೇಹಿಯ ವೃಷಣಚೀಲದಲ್ಲಿ ಕಾಣುವುದಕ್ಕಿಂತ ಹೆಚ್ಚಿನ ನೋವು, ಒತ್ತಿದಾಗ ಚರಚರ ಸದ್ದು ಬಂದರೆ ಫೋರ್ನಿಯರ್, ಅಂದರೆ ಚರ್ಮದಡಿಯನ್ನು ಕೊಳೆಸುತ್ತಾ ಹಬ್ಬುವ ಸೋಂಕು. ಆಂಟಿಬಯೋಟಿಕ್ ಹಾಕಿ ಹೊರಡಿಸಿ, ಕೊಳೆತದ್ದನ್ನು ಕತ್ತರಿಸದೆ ಅದು ನಿಲ್ಲುವುದಿಲ್ಲ.

ಕಿಡ್ನಿ ಕಲ್ಲಿನ ನೋವಿನ ಜೊತೆ ಜ್ವರ ಇದ್ದರೆ ಅದು ಬರೀ ಕಲ್ಲಲ್ಲ. ಕಲ್ಲಿನ ಹಿಂದೆ ಕೀವು ನಿಂತಿದ್ದರೆ ಮೂತ್ರದ ವರದಿ ಚೊಕ್ಕವಾಗಿಯೇ ಬರಬಹುದು, ಏಕೆಂದರೆ ಕೀವು ಕೆಳಗಿಳಿದೇ ಇಲ್ಲ. ಡೈಕ್ಲೋಫೆನಾಕ್ 75 ಮಿಲಿಗ್ರಾಂ ಕೊಟ್ಟು ನೋವು ಇಳಿಯಿತೆಂದು ಮನೆಗೆ ಕಳಿಸಿದರೆ ರಾತ್ರಿ ಸೆಪ್ಸಿಸ್ (ಮೈಯೆಲ್ಲ ಹಬ್ಬಿದ ಸೋಂಕಿನ ಅಪಾಯ) ಆಗಿ ವಾಪಸ್ ಬರಬಹುದು. ಕಲ್ಚರ್ ತೆಗೆದು, ಆಂಟಿಬಯೋಟಿಕ್ ಶುರು ಮಾಡಿ, ಕಟ್ಟಿದ್ದನ್ನು ಹೊರಬಿಡಲು ಸ್ಟೆಂಟ್ (ಒಳಗೆ ಇಡುವ ಕೊಳವೆ) ಅಥವಾ ನೆಫ್ರೋಸ್ಟಮಿ (ಬೆನ್ನಿನಿಂದ ಕಿಡ್ನಿಗೆ ಹಾಕುವ ಕೊಳವೆ) ಆಗುವ ಕಡೆಗೆ ಕಳಿಸಿ.

ಇಂಥ ಯಾರನ್ನು ಕಳಿಸುವಾಗಲೂ ಚೀಟಿಯ ಮೊದಲ ಸಾಲಿನಲ್ಲಿ ನೋವು ಶುರುವಾದ ಸಮಯ ಬರೆಯಿರಿ. ಅದರ ಕೆಳಗೆ ಕೊನೆಯ ಊಟ ಎಷ್ಟು ಗಂಟೆಗೆ, ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ, ಕ್ಯಾಥೆಟರ್ ಪ್ರಯತ್ನಿಸಿದ್ದರೆ ಎಷ್ಟು ಸಲ, ಯಾವ ಸೈಜು, ರಕ್ತ ಬಂತಾ ಅನ್ನುವುದು ಇರಲಿ.