ಹನ್ನೆರಡನೇ ಕಾಲಂ

2025 ಜುಲೈ 6, ಭಾನುವಾರ, ರಾತ್ರಿ

ಹನ್ನೊಂದು ದಿನದಿಂದ ಗೂಡಿನಲ್ಲಿ ಇಟ್ಟಿದ್ದ ಫಾರಂ ಇವತ್ತು ತುಂಬಿ ಮುಗಿಸಿದೆ. ಹೆಸರು, ಅಪ್ಪನ ಹೆಸರು, ಹುಟ್ಟಿದ ಊರು, ಓದಿದ ಶಾಲೆಗಳು, ಇವೆಲ್ಲ ಮೊದಲ ದಿನವೇ ಅರ್ಧ ಗಂಟೆಯಲ್ಲಿ ಆಗಿಹೋಗಿದ್ದವು. ಪೆನ್ನು ನಿಂತದ್ದು ಹನ್ನೆರಡನೇ ಕಾಲಂನಲ್ಲಿ.

ನಾಲ್ಕು ವರ್ಷ ಬರೆದ ಪರೀಕ್ಷೆಗಳಲ್ಲಿ ಒಂದು ಕೊನೆಗೂ ಕೈಹಿಡಿದಿದೆ. ಕೇಂದ್ರ ಸರ್ಕಾರದ ಒಂದು ಇಲಾಖೆ. ಆಯ್ಕೆಪಟ್ಟಿಯಲ್ಲಿ ಹೆಸರಿದೆ, ಮೆಡಿಕಲ್ ಆಯಿತು, ಅಂಕಪಟ್ಟಿಗಳ ಪರಿಶೀಲನೆ ಆಯಿತು. ಉಳಿದಿರುವುದು ಅಟೆಸ್ಟೇಷನ್ ಫಾರಂ ಮತ್ತು ಅದರ ಮೇಲೆ ಪೊಲೀಸರು ಕೊಡುವ ವರದಿ. ನಡತೆ ಮತ್ತು ಪೂರ್ವಾಪರ ಎನ್ನುತ್ತಾರಲ್ಲ, ಅದು. ಫಾರಂ ಶುರುವಾಗುವುದೇ ಎಚ್ಚರಿಕೆಯಿಂದ: ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಯಾವುದೇ ಸಂಗತಿ ಮುಚ್ಚಿಟ್ಟರೆ ಅದೇ ಅನರ್ಹತೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾದರೂ ತೆಗೆದುಹಾಕಬಹುದು. ಇದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆಮೇಲೆ ಆ ಕಾಲಂ. ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ? ನಿಮ್ಮ ಮೇಲೆ ಮೊಕದ್ದಮೆ ನಡೆದಿತ್ತೇ? ವಶದಲ್ಲಿ ಇಟ್ಟಿದ್ದರೇ? ಮುಚ್ಚಳಿಕೆ ಬರೆಸಿಕೊಂಡಿದ್ದರೇ? ಕೋರ್ಟು ದಂಡ ಹಾಕಿತ್ತೇ? ಶಿಕ್ಷೆ ಆಗಿತ್ತೇ? ಯಾವುದಾದರೂ ಪರೀಕ್ಷೆಯಿಂದ ಡಿಬಾರ್ ಆಗಿದ್ದಿರಾ? ಈಗ ಯಾವ ಕೋರ್ಟಿನಲ್ಲಾದರೂ ಕೇಸು ಬಾಕಿ ಇದೆಯೇ? ಪ್ರತಿಯೊಂದರ ಮುಂದೆ ಹೌದು ಅಥವಾ ಇಲ್ಲ. ಬಹುತೇಕ ಎಲ್ಲರೂ ಉಸಿರು ಬಿಡುವಷ್ಟರಲ್ಲಿ ‘ಇಲ್ಲ’ಗಳ ಸಾಲು ಬರೆದು ಮುಂದೆ ಹೋಗುತ್ತಾರೆ. ನನಗೆ ಮೊದಲ ಪ್ರಶ್ನೆಯಲ್ಲೇ 2016 ಎದುರು ಬಂದು ನಿಂತಿತು.

ಆ ವರ್ಷ ಸೆಪ್ಟೆಂಬರ್ 5ಕ್ಕೆ ಸುಪ್ರೀಂ ಕೋರ್ಟು ತಮಿಳುನಾಡಿಗೆ ದಿನಕ್ಕೆ 15 ಸಾವಿರ ಕ್ಯೂಸೆಕ್‌ನಂತೆ ಹತ್ತು ದಿನ ಕಾವೇರಿ ನೀರು ಬಿಡಿ ಎಂದಿತ್ತು. ನಮ್ಮದು ವಿ.ಸಿ. ನಾಲೆಯ ಬಯಲು. ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟು, ತುಂಬಿರಲಿಲ್ಲ. ಅಪ್ಪ ಹಾಕಿದ್ದ ಭತ್ತದ ಒಟ್ಲು (ಸಸಿಮಡಿ) ಹಳದಿಗೆ ತಿರುಗುತ್ತಿತ್ತು, ನಾಲೆಯ ತೂಬಿನ ಹತ್ತಿರ ಗಂಡಸರು ಕೂತು ಮಾತಿಲ್ಲದೆ ಬೀಡಿ ಸೇದುತ್ತಿದ್ದರು. ನನಗೆ ಹತ್ತೊಂಬತ್ತು, ಮಂಡ್ಯದಲ್ಲಿ ಬಿಎಸ್ಸಿ ಎರಡನೇ ವರ್ಷ. ಸೆಪ್ಟೆಂಬರ್ 9ರ ಶುಕ್ರವಾರ ಕರ್ನಾಟಕ ಬಂದ್. ಕಾಲೇಜಿನಿಂದ ನಾವು ಹುಡುಗರು ಗುಂಪಾಗಿ ಹೊರಟು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕೂತೆವು. ಎರಡು ಗಂಟೆ ಕೂತಿರಬಹುದು. ಆಂಬುಲೆನ್ಸ್ ಬಂದಾಗ ಎದ್ದು ದಾರಿ ಬಿಟ್ಟೆವು. ನಾನು ಕಲ್ಲು ಹೊಡೆಯಲಿಲ್ಲ, ನನ್ನ ಪಕ್ಕ ಕೂತವರೂ ಹೊಡೆಯಲಿಲ್ಲ. ಮೂರು ದಿನದ ನಂತರ, 12ರಂದು, ಬೆಂಗಳೂರಿನಲ್ಲಿ ಬಸ್ಸು ಲಾರಿಗಳಿಗೆ ಬೆಂಕಿ ಬಿದ್ದು 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಆಯಿತಲ್ಲ, ಆ ಸುದ್ದಿಯನ್ನು ಟಿವಿಯಲ್ಲಿ ನೋಡಿ ಮನಸ್ಸಿಗೆ ತುಂಬಾ ನೋವಾಗಿತ್ತು. ನಾವು ರಸ್ತೆಗೆ ಹೋದದ್ದು ಅದಕ್ಕಲ್ಲ.

ಬಂದ್ ದಿನ ಮಧ್ಯಾಹ್ನ ಪೊಲೀಸರು ನಮ್ಮನ್ನು ವ್ಯಾನಿಗೆ ಹತ್ತಿಸಿ ಒಂದು ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋದರು. ಹೆಸರು, ಅಪ್ಪನ ಹೆಸರು, ಊರು ಬರೆದುಕೊಂಡರು. ಚಿತ್ರಾನ್ನ ಕೊಟ್ಟರು. ಸಂಜೆ ಒಂದು ಕಾಗದಕ್ಕೆ ಸಹಿ ಹಾಕಿಸಿ ಬಿಟ್ಟರು. ಅದು ಬಾಂಡು ಎಂದು ಆಗ ತಿಳಿದಿರಲಿಲ್ಲ. ಐದಾರು ತಿಂಗಳ ಮೇಲೆ ಸಮನ್ಸ್ ಬಂದಾಗಲೇ ಗೊತ್ತಾದದ್ದು, ಎಫ್‌ಐಆರ್‌ನಲ್ಲಿ ನಾನು ಎ-14, ಅಂದರೆ ಹದಿನಾಲ್ಕನೇ ಆರೋಪಿ. ಭಾರತೀಯ ದಂಡ ಸಂಹಿತೆಯ (ಐಪಿಸಿ) 143, 341, ಜೊತೆಗೆ ಕೂಟದಲ್ಲಿದ್ದವರೆಲ್ಲ ಹೊಣೆ ಎನ್ನುವ 149. ಅಕ್ರಮ ಕೂಟ ಮತ್ತು ಅಕ್ರಮ ತಡೆ. ಮೊದಲನೆಯದಕ್ಕೆ ಹೆಚ್ಚೆಂದರೆ ಆರು ತಿಂಗಳು, ಎರಡನೆಯದಕ್ಕೆ ಒಂದು ತಿಂಗಳು ಸಜೆ. ಎರಡೂ ಜಾಮೀನು ಸಿಗುವ ಅಪರಾಧಗಳು.

ಎರಡು ವರ್ಷ ವಾಯಿದೆಗೆ ಅಲೆದೆವು. ಬೆಳಿಗ್ಗೆ ಹತ್ತೂವರೆಗೆ ಹೋಗಿ ಕೋರ್ಟಿನ ಹೊಂಗೆ ಮರದ ಕೆಳಗೆ ನಿಲ್ಲುವುದು, ಹೆಸರು ಕೂಗಿದಾಗ ಒಳಗೆ ಹೋಗಿ ಕೈಮುಗಿಯುವುದು, ಮುಂದಿನ ತಾರೀಕು ಬರೆದುಕೊಂಡು ಬರುವುದು. ಒಂದು ವಾಯಿದೆ ನನ್ನ ಕೊನೆ ಸೆಮಿಸ್ಟರಿನ ಪ್ರಾಕ್ಟಿಕಲ್ ದಿನವೇ ಬಿತ್ತು. ವಕೀಲರು ಗೈರುಹಾಜರಿ ಅರ್ಜಿ ಹಾಕಿ ಉಳಿಸಿದರು. ಪೊಲೀಸರ ಕಡೆಯ ಸಾಕ್ಷಿಗಳಾದ ಪಂಚರಿಬ್ಬರೂ ಬಂದು ನಮಗೆ ಏನೂ ಗೊತ್ತಿಲ್ಲ ಎಂದರು. 2019ರಲ್ಲಿ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 255(1)ರ ಅಡಿ ಎಲ್ಲರೂ ಖುಲಾಸೆ. ಅವತ್ತು ಅಪ್ಪ ಮದ್ದೂರಿನಲ್ಲಿ ಬಸ್ಸು ಇಳಿದು ವಡೆ ಕಟ್ಟಿಸಿಕೊಂಡು ಬಂದಿದ್ದರು. ಮುಗಿಯಿತು ಎಂದು ಎಲ್ಲರೂ ತಿಳಿದೆವು.

ಮುಗಿದಿರಲಿಲ್ಲ. 2021ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಅವರು ಹಿನ್ನೆಲೆ ಪರಿಶೀಲನೆಯನ್ನು ಒಂದು ಏಜೆನ್ಸಿಗೆ ಕೊಟ್ಟಿದ್ದರು. ಕೋರ್ಟುಗಳ ಕೇಸಿನ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ ಆರಿಸಿ, ವರ್ಷ ಹಾಕಿ, ಹೆಸರು ಹೊಡೆದರೆ ಯಾರ ಕೇಸಾದರೂ ಸಿಗುತ್ತದೆ. ನನ್ನದೂ ಸಿಕ್ಕಿತು. ‘ರಾಜ್ಯ ಸರ್ಕಾರ ವಿರುದ್ಧ’ ಎಂದು ಶುರುವಾಗಿ ನನ್ನ ಹೆಸರು, ಬಿನ್ ಅಪ್ಪನ ಹೆಸರು. ಕೇಸು ವಿಲೇವಾರಿ ಎಂದೇನೋ ಅಲ್ಲಿ ಇತ್ತು. ಹೇಗೆ ವಿಲೇವಾರಿ ಆಯಿತು ಎಂದು ತಿಳಿಯಬೇಕಾದರೆ ಇನ್ನೊಂದು ಕಡೆ ಒತ್ತಿ ತೀರ್ಪು ತೆರೆದು ಓದಬೇಕು. ಯಾರೂ ಓದಲಿಲ್ಲ ಎಂದೇ ನನ್ನ ನಂಬಿಕೆ. ಎರಡು ಸಾಲಿನ ಮೇಲ್ ಬಂತು, ಕೆಲಸ ಇಲ್ಲವಾಯಿತು. ನನ್ನನ್ನು ಕರೆದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಅವತ್ತಿನ ಆ ಸಂಕಟ ಇವತ್ತಿಗೂ ಎದೆಯಲ್ಲಿದೆ.

ಹಾಗೆಂದು ಪೂರ್ವಾಪರ ನೋಡುವುದೇ ತಪ್ಪು ಎಂದು ನಾನು ಹೇಳಲಾರೆ. ನನ್ನ ಅಕ್ಕನ ಮಗಳು ದಿನಾ ಶಾಲೆಯ ವ್ಯಾನಿನಲ್ಲಿ ಹೋಗುತ್ತಾಳೆ. ಅದನ್ನು ಓಡಿಸುವವನು ಯಾರು, ಮೊದಲು ಏನು ಮಾಡಿದ್ದಾನೆ ಎಂದು ಪೊಲೀಸರು ನೋಡಿರಲೇಬೇಕು. ಮುದುಕರ ಮನೆಯಲ್ಲಿ ಆರೈಕೆಗೆ ಇರುವವರನ್ನು, ಜನರ ದುಡ್ಡು ಎಣಿಸುವವರನ್ನು ನೋಡಲಿ. ನನ್ನನ್ನೂ ನೋಡಲಿ. ನೋಡುವವರು ಆರೋಪವನ್ನೂ ಅಪರಾಧವನ್ನೂ ಒಂದೇ ಕಣ್ಣಲ್ಲಿ ನೋಡಬಾರದು, ಇಷ್ಟೇ ನನ್ನ ಬೇಡಿಕೆ.

ಫಾರಂ ಬಂದ ದಿನದಿಂದ ಊರಲ್ಲಿ ಒಬ್ಬೊಬ್ಬರದು ಒಂದೊಂದು ಬುದ್ಧಿವಾದ. ಜೆರಾಕ್ಸ್ ಅಂಗಡಿಯವರು, “ಇಲ್ಲ ಅಂತ ಬರ್ದ್ಬುಡು ಅತ್ಲಾಗೆ, ಖುಲಾಸೆ ಆಗದಲ್ಲ, ಯಾವನ್ ಬಂದು ನೋಡ್ತಾನೆ” ಎಂದರು. ಪ್ರೀತಿಯಿಂದಲೇ ಹೇಳಿದ್ದು. ಜೊತೆಗೆ ಎ-9 ಆಗಿದ್ದ ಗೆಳೆಯ ಈಗ ಟ್ರಾಕ್ಟರ್ ಇಟ್ಟಿದ್ದಾನೆ, ಅವನಿಗೆ ಯಾವ ಫಾರಂನ ಹಂಗೂ ಇಲ್ಲ. “ನಿನ್ ಇಷ್ಟ ಕಣ್ಲಾ, ಆದ್ರೆ ನಾಲ್ಕ್ ವರ್ಷ ಓದಿದ್ದೀಯ” ಎಂದು ಸುಮ್ಮನಾದ. ಆ ಮಾತೇ ಹೆಚ್ಚು ಕಾಡಿತು. ಒಂದು ರಾತ್ರಿ ನಾನೂ ಪೆನ್ಸಿಲ್ಲಿನಲ್ಲಿ ‘ಇಲ್ಲ’ ಎಂದು ಬರೆದು ನೋಡಿದ್ದೆ. ಬೆಳಿಗ್ಗೆ ಎದ್ದು ಅಳಿಸಿದೆ. ಅಳಿಸಿದ ಗುರುತು ಈಗಲೂ ಅಲ್ಲಿದೆ.

ಕಳೆದ ವಾರ ವಕೀಲರ ಹತ್ತಿರ ಹೋದೆ. ಕೇಸು ನಡೆಸಿದವರೇ. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಮೊದಲು ಕೇಳಿದ್ದು, ಕಲ್ಯಾಣ ಮಂಟಪದಲ್ಲಿ ಕೂರಿಸಿದ್ದು ಬಂಧನವೇ ಎಂದು. ಅವರು ಹಳೆಯ ಕಡತ ತೆಗೆಸಿ ತೋರಿಸಿದರು. ಠಾಣಾ ಜಾಮೀನಿನ ಮೇಲೆ ಬಿಟ್ಟಿದ್ದಾರೆ, ದಸ್ತಗಿರಿ ಮಾಡಿದ ಹೊತ್ತೂ ಬರೆದಿದ್ದಾರೆ. ಬೀಗ ಹಾಕಿದ ಕೋಣೆ ಇಲ್ಲದಿದ್ದರೂ ದಸ್ತಗಿರಿ ದಸ್ತಗಿರಿಯೇ. ಹಾಗಾಗಿ ಬಂಧನ: ಹೌದು. ಮೊಕದ್ದಮೆ: ಹೌದು. ದಂಡ, ಶಿಕ್ಷೆ: ಇಲ್ಲ. ಬಾಕಿ ಕೇಸು: ಇಲ್ಲ. ಸೆಕ್ಷನ್‌ಗಳನ್ನು ಹಳೆಯ ಐಪಿಸಿಯವೇ ಬರೆಯಬೇಕಂತೆ. ಕಳೆದ ವರ್ಷ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ನಮ್ಮ ಕೇಸು ನಡೆದದ್ದು ಹಳೆಯ ಕಾನೂನಿನಲ್ಲಿ.

ಆಮೇಲೆ ಅವರು ಅವತಾರ್ ಸಿಂಗ್ ಕೇಸಿನ ವಿಷಯ ಹೇಳಿದರು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈ 21ರಂದು ಕೊಟ್ಟ ತೀರ್ಪು. ನಾವು ರಸ್ತೆಯಲ್ಲಿ ಕೂರುವುದಕ್ಕೆ ಸುಮಾರು ಏಳು ವಾರ ಮುಂಚೆ! ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಬಂಧನವಾಗಲಿ ಖುಲಾಸೆಯಾಗಲಿ ಬಾಕಿ ಕೇಸಾಗಲಿ ಮುಚ್ಚಿಡಬಾರದು ಎಂದು ಅದು ಹೇಳುತ್ತದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವನ್ನು ಯಾರಾದರೂ ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ತಮ್ಮ ವಿವೇಚನೆಯಲ್ಲಿ ಅದನ್ನು ಬಿಟ್ಟುಬಿಡಬಹುದು ಎಂದೂ ಹೇಳುತ್ತದೆ. ಘೋಷಣೆ ಕೂಗಿದ್ದು ಎಂಬ ಮಾತೇ ತೀರ್ಪಿನಲ್ಲಿದೆ! ಕೇಳಿ ನನಗೆ ಕಣ್ಣು ತುಂಬಿ ಬಂತು. ಅದಕ್ಕೂ ಹಿಂದೆ 2011ರಲ್ಲಿ, ದೆಹಲಿ ಪೊಲೀಸ್ ಇಲಾಖೆಗೆ ಹೆಡ್ ಕಾನ್‌ಸ್ಟೆಬಲ್ ಆಗಿ ಆಯ್ಕೆಯಾಗಿದ್ದ ಸಂದೀಪ್ ಕುಮಾರ್ ಎಂಬ ಯುವಕನ ಪರವಾಗಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತಂತೆ. ಅವನು ತನ್ನ ಹಳೆಯ, ರಾಜಿಯಲ್ಲಿ ಮುಗಿದ ಕೇಸನ್ನು ಅರ್ಜಿಯಲ್ಲಿ ಹೇಳಿರಲಿಲ್ಲ. ಇಪ್ಪತ್ತರ ವಯಸ್ಸಿನವರನ್ನು ಜೀವನವಿಡೀ ಅಪರಾಧಿ ಎಂದು ಗುರುತು ಹಾಕಿ ಇಡಬಾರದು ಎಂಬುದು ಅಲ್ಲಿನ ಧೋರಣೆ.

ಆದರೆ ವಕೀಲರು ನನ್ನನ್ನು ಸಮಾಧಾನ ಮಾಡಿ ಕಳಿಸುವವರಲ್ಲ. ಅವತಾರ್ ಸಿಂಗ್ ತೀರ್ಪಿನಲ್ಲೇ ಇನ್ನೊಂದು ಮಾತೂ ಇದೆ ಎಂದರು. ಮುಗಿದ ಕೇಸಿನ ವಿಷಯ ನಿಜ ಹೇಳಿದರೂ ಅಭ್ಯರ್ಥಿಯ ಪೂರ್ವಾಪರ ತೂಗಿ ನೋಡುವ ಹಕ್ಕು ನೇಮಕ ಮಾಡುವವರಿಗೆ ಇದ್ದೇ ಇದೆ, ಕೆಲಸ ಕೊಡಲೇಬೇಕೆಂದು ಒತ್ತಾಯಿಸಲು ಆಗದು. “ನಿಜ ಬರೆದ್ರೆ ಕೆಲಸ ಖಾತ್ರಿ ಅಂತ ನಾನ್ ಹೇಳಲ್ಲ. ಸುಳ್ಳು ಬರೆದ್ರೆ ಕೆಲಸ ಯಾವತ್ತೂ ಖಾತ್ರಿ ಇರಲ್ಲ, ರಿಟೈರ್ ಆಗೋವರ್ಗೂ ಹೆದರ್ಕೊಂಡಿರ್ಬೇಕು” ಎಂದರು. ಫೀಸು ತೆಗೆದುಕೊಳ್ಳಲಿಲ್ಲ.

ತೀರ್ಪಿನ ದೃಢೀಕೃತ ನಕಲು ತೆಗೆಸಿದ್ದು ಇನ್ನೊಂದು ಓಡಾಟ. ಕೇಸಿಗೆ ಹದಿನಾರು ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಅದು ಕೈಯಲ್ಲಿದ್ದರೆ ಕಡತ ಹುಡುಕುವುದು ಸುಲಭ. ಇಂಥ ಕೇಸು ಇರುವ ಬೇರೆ ಹುಡುಗರು ಓದುತ್ತಿದ್ದರೆ ಹೇಳುತ್ತೇನೆ: ಕೆಲಸದ ಪತ್ರ ಬರುವವರೆಗೆ ಕಾಯಬೇಡಿ, ಇವತ್ತೇ ಹೋಗಿ ನಕಲು ತೆಗೆಸಿಟ್ಟುಕೊಳ್ಳಿ. ಫಾರಂ ಕಳಿಸಿದ ಮೇಲೆ ಹೊಸದಾಗಿ ಏನಾದರೂ ಆದರೆ ಅದನ್ನೂ ತಕ್ಷಣ ತಿಳಿಸಬೇಕು ಎಂದು ಅದರಲ್ಲೇ ಇದೆ, ಅದನ್ನೂ ಮರೆಯಬೇಡಿ.

ಕಳೆದ ಐದು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದ ಜಾಗಗಳನ್ನೂ ಕೇಳುತ್ತಾರೆ. ಕೋಚಿಂಗ್‌ಗೆಂದು ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ ಇದ್ದೆನಲ್ಲ, ಆ ವಿಳಾಸವನ್ನೂ ಬರೆದೆ. ಹಾಗಾಗಿ ಎರಡು ಕಡೆ ಪೊಲೀಸರು ವಿಚಾರಿಸುತ್ತಾರೆ. ಪಿಜಿಯವರಿಗೆ ಫೋನ್ ಮಾಡಿ ಹೇಳಿದೆ, ನೆನಪಿದೆ ಎಂದರು.

ಕೊನೆಗೆ, ನನ್ನನ್ನು ಬಲ್ಲ ಇಬ್ಬರು ಜವಾಬ್ದಾರಿಯುತ ವ್ಯಕ್ತಿಗಳ ಹೆಸರು ಕೊಡಬೇಕು. ಒಬ್ಬರು ಕಾಲೇಜಿನ ಭೌತಶಾಸ್ತ್ರದ ಮೇಡಂ. ಇನ್ನೊಬ್ಬರು ನಮ್ಮೂರ ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟ್ರು. ಇವತ್ತು ಬೆಳಿಗ್ಗೆ ಅವರ ಮನೆಗೆ ಹೋದೆ. ಹೆಸರು ಕೊಡಲು ಒಪ್ಪಿಗೆ ಕೇಳುವ ಮೊದಲು ಕೇಸಿನ ವಿಷಯ ಹೇಳಬೇಕು ಅನ್ನಿಸಿತು. ಪೊಲೀಸರು ಬಂದು ಕೇಳಿದಾಗ ಅವರಿಗೆ ಮುಜುಗರ ಆಗಬಾರದು. ಮೇಷ್ಟ್ರು ತೀರ್ಪಿನ ನಕಲನ್ನು ಕೈಗೆ ತೆಗೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬೆರಳಿಟ್ಟುಕೊಂಡು, ಪೂರ್ತಿ ಓದಿದರು. ಮುಕ್ಕಾಲು ಗಂಟೆ. ತೀರ್ಪು ಬಂದ ಆರು ವರ್ಷದಲ್ಲಿ ವಕೀಲರನ್ನು ಬಿಟ್ಟರೆ ನಮ್ಮ ಮನೆಯ ಹೊರಗಿನವರು ಅದನ್ನು ಓದಿದ್ದು ಇದೇ ಮೊದಲು. ಓದಿ ಮುಗಿಸಿ ಕನ್ನಡಕ ತೆಗೆದು, “ನನ್ ಹೆಸರು ಸರಿಯಾಗಿ ಬರ್ಕೊ, ಇನಿಷಿಯಲ್ ಎರಡು ಇದಾವೆ” ಎಂದರು.

ಮನೆಗೆ ಬಂದು ಹನ್ನೆರಡನೇ ಕಾಲಂ ತುಂಬಿದೆ. ವಿವರಕ್ಕೆ ಕೊಟ್ಟ ಜಾಗ ಸಾಲದೆ ಬೇರೆ ಹಾಳೆ ಲಗತ್ತಿಸಿದೆ. ಕೇಸಿನ ಸಂಖ್ಯೆ, ಸೆಕ್ಷನ್, ಕೋರ್ಟು, ತೀರ್ಪಿನ ತಾರೀಕು, ಫಲಿತಾಂಶ. ವಕೀಲರು ಇಷ್ಟೇ ಸಾಕು ಎಂದಿದ್ದರು. ಪಂಚರು ಏನು ಹೇಳಿದರೂ ನಾನು ಅಲ್ಲಿ ಕೂತಿದ್ದೆ ಎಂಬುದು ನನಗೆ ಗೊತ್ತಿದೆಯಲ್ಲ. ಫೋನ್ ಮಾಡಿ ಅವರನ್ನು ಕೇಳಿ ಒಂದು ಸಾಲು ಸೇರಿಸಿದೆ: ವಿದ್ಯಾರ್ಥಿಯಾಗಿದ್ದಾಗ ಕಾವೇರಿ ನೀರಿನ ಪ್ರತಿಭಟನೆಯಲ್ಲಿ ಭಾಗವಹಿಸಿದ್ದೆ.

ಅಮ್ಮ ರೇಷನ್ ಕಾರ್ಡು, ಆಧಾರ್, ಟಿ.ಸಿ., ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ, ಪೊಲೀಸರು ಬಂದರೆ ಹುಡುಕಾಡುವುದು ಬೇಡ ಎಂದು. ಬೀದಿಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅವರಿಗೆ ಇದ್ದೇ ಇದೆ. ಸುತ್ತಲಿನ ನಾಲ್ಕು ಮನೆಗೂ ತಾವೇ ಹೋಗಿ, ಮಗನ ಕೆಲಸದ ವಿಚಾರಣೆಗೆ ಬರುತ್ತಾರೆ ಎಂದು ಹೇಳಿ ಬಂದರು.

ಅಪ್ಪ ಕತ್ತಲಾದ ಮೇಲೆ ಗದ್ದೆಯಿಂದ ಬಂದರು. ಈ ವರ್ಷ ಕಟ್ಟೆ ಜೂನ್‌ನಲ್ಲೇ 124.80 ಅಡಿ ತುಂಬಿ, ಜೂನ್ 30ಕ್ಕೆ ಬಾಗಿನವೂ ಆಗಿಹೋಗಿದೆ. ಒಟ್ಲಿಗೆ ನೀರು ಕಟ್ಟಿ ಕಾಲು ತೊಳೆದುಕೊಂಡು ಒಳಗೆ ಬಂದವರು, ಫಾರಂ ಮುಗಿಯಿತೇ ಎಂದು ಕೇಳಿದರು. ಮುಗಿಯಿತು, ನಾಳೆ ಮಂಡ್ಯಕ್ಕೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಎಂದೆ. ಅವರಿಗೆ ಇಂಗ್ಲಿಷ್ ಬಾರದು. ಆದರೂ ಲಗತ್ತಿಸಿದ ಹಾಳೆಯನ್ನು ಬಲ್ಬಿನ ಕೆಳಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು.

“ನೀರಿಗೆ ಅಂತ ಬರ್ದಿದ್ದೀಯಾ?”

ಬರೆದಿದ್ದೀನಿ ಎಂದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.