ಮೂವತ್ತಾರನೆಯ ಕಲ್ಲು

ಹಾಸನದ ನಮ್ಮ ಚಿತ್ರಕಲಾ ಶಾಲೆಯಲ್ಲಿ ಫೋಟೋಗ್ರಫಿ ಕಲಿಸುತ್ತಿದ್ದ ಮೇಷ್ಟ್ರು ಈ ವರ್ಷ ಸಂಕ್ರಾಂತಿ ಕಳೆದ ಮರುವಾರ ತೀರಿಕೊಂಡರು. ಫೆಬ್ರವರಿಯಲ್ಲಿ ಶಾಲೆಯ ಸಭಾಂಗಣದಲ್ಲಿ ಏರ್ಪಟ್ಟ ನುಡಿನಮನಕ್ಕೆ ಹಳೆಯ ವಿದ್ಯಾರ್ಥಿಗಳು ದೂರದೂರದ ಊರುಗಳಿಂದ ಬಂದಿದ್ದರು. ಸಭೆ ಮುಗಿದ ಮೇಲೆ ವಾರ್ಷಿಕ ಸಂಚಿಕೆಯ ಸಂಪಾದಕರು ನನ್ನನ್ನು ಕರೆದು ಮೇಷ್ಟ್ರ ಕುರಿತು ಬರೆದುಕೊಡಬೇಕೆಂದು ಕೇಳಿದರು. ಬರೆಯಲು ಕುಳಿತಾಗ, ಐದು ವರ್ಷಗಳ ಡಿಪ್ಲೊಮಾದಲ್ಲಿ ನಡೆದ ಪಾಠಗಳಲ್ಲಿ ಒಂದೂ ನೆಟ್ಟಗೆ ನೆನಪಿಗೆ ಬರಲಿಲ್ಲ. ಪರೀಕ್ಷೆಯ ಪ್ರಶ್ನೆಗಳು, ಬಣ್ಣಗಳ ಸಿದ್ಧಾಂತ, ಕಲೆಯ ಇತಿಹಾಸದ ಇಸವಿಗಳು ಎಲ್ಲವೂ ಎತ್ತಲೋ ಹೋಗಿವೆ. 1994ರ ಮಳೆಗಾಲ ಮಾತ್ರ ಒಂದು ದಿನವೂ ಬಿಟ್ಟುಹೋಗದಂತೆ ಉಳಿದಿದೆ.

ಆ ಮಳೆಗಾಲಕ್ಕೆ ಬರುವ ಮುನ್ನ ನಮ್ಮ ಡ್ರಾಯಿಂಗ್ ಮೇಡಂ ಅವರನ್ನು ನೆನೆಯಬೇಕು. ಮೊದಲ ವರ್ಷವೇ ಅವರು ನಮ್ಮನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ, ಹೊಯ್ಸಳೇಶ್ವರ ದೇವಾಲಯದ ಬುಡದ ಸಾಲಿನ ಎದುರು ನೆಲದ ಮೇಲೆ ಕೂರಿಸಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು. ಸಾವಿರಕ್ಕೂ ಮಿಕ್ಕ ಆ ಆನೆಗಳಲ್ಲಿ ಅಕ್ಕಪಕ್ಕದ ಹತ್ತನ್ನು ಆರಿಸಿಕೊಂಡು ಬರೆಯಿರಿ ಎಂದರು. ಮೂರನೆಯ ಆನೆಯವರೆಗೂ ನನಗೆ ಎಲ್ಲವೂ ಒಂದೇ ಆಗಿ ಕಂಡವು. ನಾಲ್ಕನೆಯದನ್ನು ಬರೆಯುವಾಗ ಅದರ ಸೊಂಡಿಲು ಮುಂದಿನ ಆನೆಯ ಬಾಲದ ಕಡೆಗೆ ಚಾಚಿರುವುದು ಕಂಡಿತು. ಅಲ್ಲಿಂದ ಹಿಂದಿರುಗಿ ನೋಡಿದರೆ ನಾನು ಬರೆದಿದ್ದ ಮೊದಲ ಮೂರೂ ತಪ್ಪಾಗಿದ್ದವು. ಒಂದೇ ವಸ್ತುವನ್ನು ಮತ್ತೆ ಮತ್ತೆ ನೋಡುವುದರಲ್ಲಿ ಒಂದು ವಿದ್ಯೆಯಿದೆ ಎಂಬ ಅನುಮಾನ ನನಗೆ ಮೊದಲು ಹುಟ್ಟಿದ್ದು ಅಲ್ಲಿ.

ಫೋಟೋಗ್ರಫಿ ಮೇಷ್ಟ್ರು ಆ ಅನುಮಾನವನ್ನು ಹಿಡಿದು ಬೆಳೆಸಿದರು. ಅವರು ಸಣ್ಣ ಆಳು, ಯಾವಾಗಲೂ ಅರ್ಧ ತೋಳಿನ ಬಿಳಿ ಅಂಗಿ. ಬೆರಳ ತುದಿಗಳು ಡೆವಲಪರಿನಿಂದ ಕಂದುಬಣ್ಣಕ್ಕೆ ತಿರುಗಿದ್ದವು. ಬೆಂಗಳೂರಿಗೆ ಹೋದಾಗಲೆಲ್ಲ ಮ್ಯಾಕ್ಸ್ ಮುಲ್ಲರ್ ಭವನದ ಗ್ರಂಥಾಲಯದಲ್ಲಿ ಕುಳಿತು, ಬೇಕಾದ ಪುಟಗಳ ಜೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದರು. ಹಾಗೆ ಬಂದ ಒಂದು ಕಟ್ಟಿನಲ್ಲಿ ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಗಳ ಚಿತ್ರಗಳಿದ್ದವು. 1959ರಿಂದ ಇಬ್ಬರೂ ಜೊತೆಯಾಗಿ ನೀರಿನ ಗೋಪುರಗಳು, ಕಬ್ಬಿಣದ ಊದುಕುಲುಮೆಗಳು, ಗಣಿಗಳ ಬಾಯಿಯ ಮೇಲಿನ ರಾಟೆಗೋಪುರಗಳನ್ನು ಮಾತ್ರ ತೆಗೆಯುತ್ತ ಬಂದವರು. ಪ್ರತಿಯೊಂದೂ ಚಿತ್ರದ ನಟ್ಟನಡುವೆ, ಮೋಡ ಕವಿದ ಬೂದು ಬೆಳಕಿನಲ್ಲಿ, ಜನರ ಸುಳಿವಿಲ್ಲದೆ ನಿಂತಿರುತ್ತಿತ್ತು. ಅಂಥ ಒಂಬತ್ತು, ಹನ್ನೆರಡು, ಹದಿನೈದು ಚಿತ್ರಗಳನ್ನು ಸಾಲುಸಾಲಾಗಿ ಚೌಕಗಳಂತೆ ಜೋಡಿಸುತ್ತಿದ್ದರು. ಗಣಿಗಳು ಮುಚ್ಚುತ್ತಿದ್ದ, ಕುಲುಮೆಗಳನ್ನು ಕೆಡವುತ್ತಿದ್ದ ಕಾಲದಲ್ಲಿ ಅವು ಮಾಯವಾಗುವ ಮೊದಲೇ ಕೂಡಿಟ್ಟುಕೊಳ್ಳುವ ಕೆಲಸ ಅದು. 1990ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಈ ಚಿತ್ರಗಳಿಗೆ ಸಂದದ್ದು ಶಿಲ್ಪಕಲೆಯ ಬಹುಮಾನ ಎಂಬುದನ್ನು ಮೇಷ್ಟ್ರು ಎರಡು ಸಲ ಹೇಳಿದರು. ತಾವು ತೆಗೆದ ಕಟ್ಟಡಗಳನ್ನು ಆ ದಂಪತಿಗಳು ಹೆಸರಿಲ್ಲದ ಶಿಲ್ಪಗಳೆಂದು ಕರೆದಿದ್ದರು. ಮೇಷ್ಟ್ರು ನಮ್ಮ ಕಡೆ ತಿರುಗಿ, "ನಮ್ಮ ಜಿಲ್ಲೆಯಲ್ಲಿ ಹೆಸರಿಲ್ಲದ ಶಿಲ್ಪ ಯಾವುದ್ರಪ್ಪಾ?" ಎಂದು ಕೇಳಿದರು. ನಾವು ಬೇಲೂರು ಎಂದೆವು. ಬೇಲೂರಿನಲ್ಲಿ ದಾಸೋಜ, ಚಾವಣ ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರಲ್ಲ ಎಂದು ತಿದ್ದಿದರು. ಅವರ ಮನಸ್ಸಿನಲ್ಲಿದ್ದದ್ದು ವೀರಗಲ್ಲು.

ನಾನು ಮತ್ತು ಇಬ್ಬರು ಗೆಳೆಯರ ತಂಡಕ್ಕೆ ಅವರು ಕೊಟ್ಟ ಕೆಲಸವೆಂದರೆ 36 ವೀರಗಲ್ಲುಗಳು. ಶಾಲೆಯ ಒಂದೇ ಒಂದು ಯಾಶಿಕಾ ಕ್ಯಾಮೆರಾ, ಊಟಿಯಲ್ಲಿ ತಯಾರಾಗುತ್ತಿದ್ದ ಇಂದು ಫಿಲ್ಮಿನ ಮೂರು ಸುರುಳಿ. ಸುರುಳಿಗೆ ಹನ್ನೆರಡು ಚಿತ್ರ, ಕಲ್ಲಿಗೆ ಒಂದೇ ಕ್ಲಿಕ್ಕು. ಲೆನ್ಸು ಕಲ್ಲಿನ ನಡುವಿನ ಅಂಕಣದ ಎತ್ತರಕ್ಕಿರಬೇಕು. ದೂರ ಅಳೆಯಲು ಏಳು ಅಡಿಯ ಒಂದು ಹುರಿಯನ್ನು ಕತ್ತರಿಸಿ, ಎರಡೂ ತುದಿಗೆ ಗಂಟು ಹಾಕಿ ಕೊಟ್ಟರು. ಮೋಡವಿಲ್ಲದ ದಿನ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯಲೇಬಾರದು. ಇದನ್ನು ಕೇಳಿ ಡ್ರಾಯಿಂಗ್ ಮೇಡಂ ಸ್ಟಾಫ್ ರೂಮಿನಲ್ಲೇ ಆಕ್ಷೇಪಿಸಿದರು. ಉಬ್ಬುಶಿಲ್ಪದ ಚೆಲುವು ಕಾಣುವುದೇ ಓರೆಬಿಸಿಲಿನಲ್ಲಿ, ಶಾಸನ ಓದುವವರು ಕೂಡ ಓರೆಬೆಳಕನ್ನೇ ಹುಡುಕುತ್ತಾರೆ, ಮಕ್ಕಳಿಗೆ ಏಕೆ ಮೋಡದಲ್ಲಿ ತೆಗೆಯಲು ಹೇಳುತ್ತೀರಿ ಎಂದರು. ಮೇಷ್ಟ್ರ ಉತ್ತರವನ್ನು ಬಾಗಿಲ ಬಳಿ ನಿಂತು ನಾವೂ ಕೇಳಿಸಿಕೊಂಡೆವು: "ಒಂದು ಕಲ್ಲನ್ನು ಚೆಂದ ತೋರಿಸೋಕೆ ಬಿಸಿಲು ಬೇಕು ಮೇಡಂ. ಮೂವತ್ತಾರನ್ನು ಪಕ್ಕಪಕ್ಕ ಇಟ್ಟು ನೋಡೋಕೆ ಮೋಡವೇ ಬೇಕು. ಇಲ್ಲದಿದ್ದರೆ ಹುಡುಗರು ನೆರಳಿಗೆ ನೆರಳನ್ನು ಹೋಲಿಸ್ತಾ ಕೂರ್ತಾರೆ." ಮೂವತ್ತು ವರ್ಷಗಳ ನಂತರವೂ ಈ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕಲ್ಲುಗಳನ್ನು ಹುಡುಕಲು ನಮಗೆ ದಾರಿ ತೋರಿದ್ದು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ. 1902ರಲ್ಲಿ ಪ್ರಕಟವಾದ ಆ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಕೂಡಿಸಿದ್ದಾರೆ. ಮೇಷ್ಟ್ರು ಅದರಿಂದ ಹಳ್ಳಿಗಳ ಹೆಸರುಗಳನ್ನು ಗುರುತು ಹಾಕಿಕೊಟ್ಟರು. ಜೂನ್ ತಿಂಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬೇಲೂರು, ಆಲೂರು, ಅರಸೀಕೆರೆ ತಾಲ್ಲೂಕುಗಳನ್ನು ಸುತ್ತಿದೆವು. ಕೆಲವು ಕಲ್ಲುಗಳು ಕೆರೆಯ ಏರಿಯ ಮೇಲೆ, ಈಶ್ವರನ ಗುಡಿಯ ಮುಂದೆ ಗೌರವದಿಂದ ನಿಂತಿದ್ದವು. ಕೆಲವು ಬಟ್ಟೆ ಒಗೆಯುವ ಕಲ್ಲಾಗಿ ಸವೆದಿದ್ದವು, ಒಂದೆರಡು ಕಾಲುವೆಯ ಮೇಲೆ ಹಾಸುಗಲ್ಲಾಗಿ ಮಲಗಿದ್ದವು. ನಿಧಿ ಅಗೆಯುವವರು ಎಂದು ನಮ್ಮನ್ನು ಎರಡು ಹಳ್ಳಿಗಳಲ್ಲಿ ತಡೆದು ನಿಲ್ಲಿಸಿದರು. ಒಂದು ಕಡೆ, ಶಾಲೆಯ ಗುರುತಿನ ಚೀಟಿ ತೋರಿಸಿದ ಮೇಲೆ ಅದೇ ಜನ ಒಳಗೆ ಕರೆದು ರೊಟ್ಟಿ ಕೊಟ್ಟರು.

ಮೊದಲ ಹತ್ತು ಕಲ್ಲುಗಳವರೆಗೆ ಕೆಲಸ ಬೇಸರ ತಂದಿತು ಎಂಬುದು ನಿಜ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ತುದಿಯಲ್ಲಿ ಶಿವಲಿಂಗದ ಎದುರು ಅವನು ಕೈಮುಗಿದು ಕೂತಿರುವುದು, ಅದರ ಮೇಲೆ ಸೂರ್ಯಚಂದ್ರರು. ಎಲ್ಲಿ ಹೋದರೂ ಅದೇ. ಆದರೆ ಡಾರ್ಕ್ ರೂಮಿನ ಕೆಂಪು ದೀಪದ ಕೆಳಗೆ ಹದಿನೈದು ಪ್ರಿಂಟುಗಳು ಒಟ್ಟಿಗೆ ತಂತಿಯ ಮೇಲೆ ಒಣಗುತ್ತಿರುವಾಗ, ಅದೇ ಎಂದುಕೊಂಡದ್ದೆಲ್ಲ ಒಂದೊಂದಾಗಿ ಬೇರೆಯಾಗತೊಡಗಿತು. ತುರುಗೋಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನ ಕಲ್ಲಿನಲ್ಲಿ ದನಗಳು ಅವನ ಹಿಂದೆ ನಿಂತಿದ್ದವು. ಅವುಗಳಲ್ಲಿ ಒಂದು ಹಸು ಮಾತ್ರ ಕತ್ತು ಹೊರಳಿಸಿ ನೋಡುತ್ತಿತ್ತು. ಒಂದು ಕಲ್ಲಿನ ಅಪ್ಸರೆಯರು ವೀರನ ತೋಳನ್ನು ಹಿಡಿದಿದ್ದರೆ, ಇನ್ನೊಂದರಲ್ಲಿ ಮಗುವನ್ನು ಎತ್ತಿಕೊಂಡಂತೆ ಕಂಕುಳಲ್ಲಿ ಕೈಯಿಟ್ಟಿದ್ದರು. ಒಬ್ಬ ಶಿಲ್ಪಿಗೆ ಜಾಗ ಸಾಲದೆ ವೀರನ ಒಂದು ಕಾಲು ಚೌಕಟ್ಟಿನ ಮೇಲೆ ಬಂದಿತ್ತು. ಒಂದೇ ಕಲ್ಲನ್ನು ಎಷ್ಟು ಹೊತ್ತು ನೋಡಿದ್ದರೂ ಇವು ಕಾಣುತ್ತಿರಲಿಲ್ಲ.

ನಮ್ಮ ತಪ್ಪು ನಡೆದದ್ದು ಅಕ್ಟೋಬರಿನಲ್ಲಿ. 31 ಕಲ್ಲುಗಳು ಆಗಿದ್ದವು. ನವರಾತ್ರಿ ಕಳೆಯುತ್ತಿದ್ದಂತೆ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಯಿತು, ಮೋಡದ ಚೂರೂ ಇಲ್ಲ. ಹಾಸನಾಂಬೆಯ ಬಾಗಿಲು ತೆರೆಯುವ ವಾರದೊಳಗೆ ಕೆಲಸ ಒಪ್ಪಿಸಬೇಕಿತ್ತು. ಆಗ ನಮಗೆ ಹೊಳೆದ ಉಪಾಯಕ್ಕೆ ಆ ಕ್ಯಾಮೆರಾವೇ ಕಾರಣ. ಎರಡು ಲೆನ್ಸಿನ ಆ ಯಾಶಿಕಾದ ಮೇಲಿನ ಗಾಜಿನಲ್ಲಿ ಬಗ್ಗಿ ನೋಡುವಾಗ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಹೀಗಾಗಿ ಪ್ರತಿಯೊಂದು ಕಲ್ಲನ್ನೂ ನಾವು ಮೊದಲು ತಿರುವುಮುರುವಾಗಿಯೇ ನೋಡಿದ್ದೆವು. ನೆಗೆಟಿವನ್ನು ಹಿಗ್ಗಿಸಿ ಕಾಗದಕ್ಕೆ ಇಳಿಸುವ ಎನ್‌ಲಾರ್ಜರಿನಲ್ಲಿ ನೆಗೆಟಿವಿನ ಮಂಕು ಮಗ್ಗುಲು ಕೆಳಗಿರಬೇಕು. ಅದನ್ನು ಮಗುಚಿ ಇಟ್ಟರೆ ಕಾಗದದ ಮೇಲೆ ಬೇರೆಯದೇ ಒಂದು ಕಲ್ಲು ಮೂಡುತ್ತದೆ. ಹಾಗೆ ಐದು ನೆಗೆಟಿವ್‌ಗಳನ್ನು ಮಗುಚಿ, ಅಂಚನ್ನು ಸ್ವಲ್ಪ ಕತ್ತರಿಸಿ, ಒಂದಿಷ್ಟು ಗಾಢವಾಗಿ ಪ್ರಿಂಟು ಹಾಕಿ 36 ಮಾಡಿದೆವು. ಮೂಲ ಮತ್ತು ಮಗುಚಿದ್ದು ಅಕ್ಕಪಕ್ಕ ಬಾರದಂತೆ ದೂರದೂರ ಹಂಚಿದೆವು.

ಮೇಷ್ಟ್ರು ಸಂಜೆ ಎಲ್ಲರೂ ಹೋದ ಮೇಲೆ ಡ್ರಾಯಿಂಗ್ ಹಾಲಿನ ನೆಲದ ಮೇಲೆ ಆರು ಸಾಲು, ಸಾಲಿಗೆ ಆರರಂತೆ ಚಿತ್ರಗಳನ್ನು ಹಾಸಿಸಿದರು. ಚಪ್ಪಲಿ ಬಿಟ್ಟು ಸಾಲುಗಳ ನಡುವೆ ನಡೆದಾಡಿದರು, ಕುಕ್ಕುರುಗಾಲಿನಲ್ಲಿ ಕೂತರು, ಎದ್ದರು. ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಒಂದು ಪ್ರಿಂಟನ್ನು ಎತ್ತಿ ನನ್ನ ಕೈಗೆ ಕೊಟ್ಟು, ಅಂಕಣಗಳ ನಡುವಿನ ಪಟ್ಟಿಯಲ್ಲಿದ್ದ ಬರಹವನ್ನು ತೋರಿಸಿ, "ಇದನ್ನ ಓದಪ್ಪಾ" ಎಂದರು. ಹಳಗನ್ನಡದ ಲಿಪಿ ನನಗೆ ಬರುವುದಿಲ್ಲ ಸಾರ್ ಎಂದೆ. ಅವರು ಕೈ ತೊಳೆಯುವ ಜಾಗದಲ್ಲಿ ಮೊಳೆಗೆ ತೂಗುಹಾಕಿದ್ದ ಕನ್ನಡಿಯನ್ನು ತಂದು ಚಿತ್ರದ ಪಕ್ಕಕ್ಕೆ ಹಿಡಿದರು. ಕನ್ನಡಿಯಲ್ಲಿ ಆ ಸಾಲನ್ನು ತಡೆಯಿಲ್ಲದೆ ಓದಿದರು. ಆಮೇಲೆ ಉಳಿದ ನಾಲ್ಕನ್ನೂ ತಾವೇ ಆರಿಸಿ ತೆಗೆದರು, ಏಕೆಂದರೆ ಆ ನಾಲ್ವರು ವೀರರೂ ಎಡಗೈಯಲ್ಲಿ ಕತ್ತಿ ಹಿಡಿದಿದ್ದರು. ನಾಲ್ಕು ತಿಂಗಳು ಈ ಕಲ್ಲುಗಳ ಜೊತೆಯಲ್ಲಿದ್ದ ನಾವು ಮೂವರೂ ಅದನ್ನು ನೋಡಿರಲಿಲ್ಲ. ಅವರು ಬೈಯಲಿಲ್ಲ. "ಸತ್ತವನ ಕತ್ತೀನ ಕೈಯಿಂದ ಕೈಗೆ ಬದಲಾಯಿಸಿಬಿಟ್ಟಿರಲ್ಲೋ" ಎಂದಷ್ಟೇ ಹೇಳಿದ ಆ ಧ್ವನಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಒಪ್ಪಿಸುವ ಗಡುವನ್ನು ಅವರೇ ಮುಂದೂಡಿಸಿದರು. ದಿನವೂ ರೇಡಿಯೋದಲ್ಲಿ ಹವಾಮಾನ ವರದಿ ಕೇಳುತ್ತಿದ್ದರು. ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಕವಿದುಕೊಂಡ ದಿನ, ಬೆಳಿಗ್ಗೆ ಆರಕ್ಕೇ ನಮ್ಮ ಹಾಸ್ಟೆಲಿನ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು. ಎರಡು ದಿನ ನಮ್ಮೊಡನೆ ತಾವೂ ಬಸ್ಸು ಹತ್ತಿ, ಗದ್ದೆ ಬದುಗಳ ಮೇಲೆ ನಡೆದು, ಹುರಿಯ ಒಂದು ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದರು. ನಾಲ್ಕು ಕಲ್ಲುಗಳು ಸಿಕ್ಕವು. ಐದನೆಯದನ್ನು ಹುಡುಕುವಷ್ಟರಲ್ಲಿ ಮಳೆ ಜೋರಾಗಿ ಬೆಳಕು ಹೋಯಿತು, ಮಾರನೆಯ ದಿನ ಬಿಸಿಲು ಬಂದಿತು. 35 ಚಿತ್ರಗಳನ್ನು ರಟ್ಟಿನ ಮೇಲೆ ಅಂಟಿಸುವಾಗ, ಕೊನೆಯ ಸಾಲಿನ ಕೊನೆಯ ಚೌಕವನ್ನು ಹಾಗೇ ಬಿಡಲು ಹೇಳಿದರು.

ಆ ಕೆಲಸವೇ ನನ್ನ ಬದುಕಾಯಿತು. ಈಗ ನನ್ನ ಸಂಗ್ರಹದಲ್ಲಿ 400ಕ್ಕೂ ಹೆಚ್ಚು ವೀರಗಲ್ಲುಗಳ ಚಿತ್ರಗಳಿವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವನ್ನು ಎರಡು ಸಲ ಪ್ರದರ್ಶಿಸಿದ್ದೇನೆ. ಮೊದಲ ಸಲ ಮೇಷ್ಟ್ರು ಬಂದು ಇಡೀ ದಿನ ಗ್ಯಾಲರಿಯಲ್ಲಿ ಕೂತಿದ್ದರು. ನಾನು ತೆಗೆದ ಕಲ್ಲುಗಳಲ್ಲಿ ಹಲವು ರಸ್ತೆ ಅಗಲವಾದಾಗ, ಮನೆ ಕಟ್ಟಿದಾಗ ಇಲ್ಲವಾಗಿವೆ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಅಲ್ಲಿಂದ ಎರಡು ಮೈಲಿ ಆಚೆ ಹೊಲದ ಬದುವಿನಲ್ಲಿ ಒರಗಿ ನಿಂತ ಕಲ್ಲಿಗೆ ಕಾವಲಿಲ್ಲ.

ನಮ್ಮ ಡಾರ್ಕ್ ರೂಮಿನಲ್ಲಿ ಈಗ ಹಳೆಯ ಬೆಂಚುಗಳನ್ನು ತುಂಬಿದ್ದಾರೆ. ಪರೀಕ್ಷಕನಾಗಿ ಹೋದಾಗ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಒಂದೇ ಮಧ್ಯಾಹ್ನ ತೆಗೆದ ನೂರಾರು ಚಿತ್ರಗಳನ್ನು ತೋರಿಸುತ್ತಾರೆ. ಜಾಣ ಮಕ್ಕಳು, ಅವರಲ್ಲಿ ಕೊರತೆಯಿಲ್ಲ. ಆದರೆ ಒಂದು ಚಿತ್ರ ತೆಗೆದ ದೂರದಿಂದಲೇ ಇನ್ನೊಂದನ್ನು ತೆಗೆಯಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಎಲ್ಲವನ್ನೂ ನೆಲದ ಮೇಲೆ ಹಾಸಿಕೊಂಡು ಸುತ್ತ ನಡೆಯಲು ಪಾಠಪಟ್ಟಿಯಲ್ಲಿ ಗಂಟೆಯೂ ಇಲ್ಲ. ವಾರಕ್ಕೊಂದು ಮಧ್ಯಾಹ್ನವನ್ನಾದರೂ ಇದಕ್ಕೆ ಬಿಟ್ಟುಕೊಡಿ ಎಂದು ಆಡಳಿತ ಮಂಡಳಿಯವರನ್ನು ಈ ಸಂಚಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ನುಡಿನಮನದ ದಿನ ನಾನು ಆ ಹಳೆಯ ರಟ್ಟನ್ನು ತಂದು ಮೇಷ್ಟ್ರ ಭಾವಚಿತ್ರದ ಪಕ್ಕದಲ್ಲಿ ಇಟ್ಟಿದ್ದೆ. ಸಭೆಯ ನಂತರ ಮೊದಲ ವರ್ಷದ ಒಬ್ಬ ಹುಡುಗಿ ಬಹಳ ಹೊತ್ತು ಅದರ ಎದುರು ನಿಂತಿದ್ದು, ಆ ಖಾಲಿ ಚೌಕ ಏಕೆ ಸಾರ್ ಎಂದು ಕೇಳಿದಳು. ಹೇಳಿದೆ. ಆಲೂರು ಕಡೆಯ ತಮ್ಮ ಊರಿನಲ್ಲಿ ಕೊಟ್ಟಿಗೆಯ ಹಿಂದೆ ಅಂಥದೊಂದು ಕಲ್ಲಿದೆ, ಅಜ್ಜಿ ಶಿವರಾತ್ರಿಯ ದಿನ ಅದಕ್ಕೆ ಎಣ್ಣೆ ಸವರುತ್ತಾರೆ ಎಂದಳು. ಶಾಲೆ ಹರಾಜು ಹಾಕಿದಾಗ ಕೊಂಡು ಇಟ್ಟುಕೊಂಡಿದ್ದ ಅದೇ ಯಾಶಿಕಾವನ್ನು, ಒಂದು ಸುರುಳಿ ಫಿಲ್ಮನ್ನು, ಹುರಿಯನ್ನು ತೆಗೆದುಕೊಂಡು ಮುಂದಿನ ಭಾನುವಾರವೇ ಹೋದೆ. ಹುಡುಗಿ ಹುರಿಯ ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದಳು. ಕೊಟ್ಟಿಗೆಯ ಗೋಡೆಗೂ ಕಲ್ಲಿಗೂ ನಡುವೆ ಏಳು ಅಡಿಗಿಂತ ಒಂದು ಗೇಣು ಹೆಚ್ಚಿಗೆ ಜಾಗವಿತ್ತು, ಅಷ್ಟೇ ಸಾಕು. ವೀರ ಬಲಗೈಯಲ್ಲಿ ಕತ್ತಿ ಹಿಡಿದಿದ್ದ. ಆದರೆ ಅಂದು ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ನಾಲ್ಕು ಗಂಟೆಯವರೆಗೆ ಜಗಲಿಯ ಮೇಲೆ ಕಾದು, ಅಜ್ಜಿ ಕೊಟ್ಟ ಕಾಫಿ ಕುಡಿದು, ಮುಂಗಾರು ಹಿಡಿದ ಮೇಲೆ ಬರುತ್ತೇನೆ ಎಂದು ಹೇಳಿ ಹಿಂದಿರುಗಿದೆ.