ರಾತ್ರಿ ಆಫ್ ಮಾಡಿದ್ದು ಆಫೇ ಆಗಿರಲಿಲ್ಲ

ಮೂರು ದಿನ ಹೆಡ್‌ಸೆಟ್‌ನ ಮೈಕ್ ಸತ್ತು ಬಿದ್ದಿತ್ತು. ವೈರ್ ಕಿತ್ತು ಮತ್ತೆ ಸಿಕ್ಕಿಸಿದೆ, ಪೋರ್ಟ್ ಬದಲಿಸಿದೆ, ಮೈಕನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ತೆಗೆದು ಮತ್ತೆ ಹಾಕಿದೆ. ರಾತ್ರಿ ಕಂಪ್ಯೂಟರ್ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದರೂ ಅದೇ ಪಾಡು. ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ.

"ರೀಸ್ಟಾರ್ಟ್ ಮಾಡಿದ್ಯಾ?"

"ರೀಸ್ಟಾರ್ಟ್ ಏನು ಬಂತು, ದಿನಾ ರಾತ್ರಿ ಪೂರ್ತಿ ಆಫೇ ಮಾಡ್ತೀನಲ್ಲೋ."

"ಅಕ್ಕಾ, ಅದು ಬೇರೆ, ಇದು ಬೇರೆ. ಟಾಸ್ಕ್ ಮ್ಯಾನೇಜರ್ ತೆಗಿ."

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದೆ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಕ್ಲಿಕ್ ಮಾಡಿದರೆ ಕೆಳಗೆ 'ಅಪ್ ಟೈಮ್' ಅಂತ ಒಂದು ಸಾಲು ಇರುತ್ತೆ, ಕಂಪ್ಯೂಟರ್ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಅನ್ನುವ ಲೆಕ್ಕ. ನನ್ನದರಲ್ಲಿ 23 ದಿನ ಅಂತಿತ್ತು. ಹಿಂದಿನ ರಾತ್ರಿ ನನ್ನ ಕೈಯಾರೆ ಆಫ್ ಮಾಡಿದ ಕಂಪ್ಯೂಟರ್!

ಇದು ವಿಂಡೋಸ್ 8ರಿಂದ ಬಂದ 'ಫಾಸ್ಟ್ ಸ್ಟಾರ್ಟಪ್' ಕೆಲಸ. ಶಟ್‌ಡೌನ್ ಒತ್ತಿದಾಗ ನಾವು ತೆರೆದ ಪ್ರೋಗ್ರಾಂಗಳೆಲ್ಲ ನಿಜವಾಗಿಯೂ ಮುಚ್ಚುತ್ತವೆ. ಆದರೆ ವಿಂಡೋಸ್‌ನ ತಿರುಳಾದ ಕರ್ನಲ್, ಡ್ರೈವರ್‌ಗಳು ಯಾವ ಸ್ಥಿತಿಯಲ್ಲಿದ್ದವೋ ಅದೇ ಸ್ಥಿತಿಯಲ್ಲಿ ಡಿಸ್ಕಿನ ಒಂದು ಫೈಲಿಗೆ ಹೋಗಿ ಕೂರುತ್ತವೆ. ಬೆಳಿಗ್ಗೆ ಆನ್ ಮಾಡಿದರೆ ಅಲ್ಲಿಂದಲೇ ಎದ್ದು ಬರುತ್ತವೆ. ಕೆಟ್ಟು ಕೂತ ಡ್ರೈವರ್ ಕೂಡ ಕೆಟ್ಟ ಮುಖ ಹೊತ್ತುಕೊಂಡೇ ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಈ ಆಟವಿಲ್ಲ, ಎಲ್ಲವೂ ಮೊದಲಿನಿಂದ ಶುರು. ಮಾಡಿದೆ, ಮೈಕ್ ಬಂತು.

ಪೂರ್ತಿ ಆಫ್ ಆಗಲೇಬೇಕು ಅಂದರೆ ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಒತ್ತಬೇಕು. ನಾನಂತೂ ಫಾಸ್ಟ್ ಸ್ಟಾರ್ಟಪ್ಪನ್ನೇ ಬುಡಸಮೇತ ತೆಗೆದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಅಂತ ಕೇಳುವ ಪುಟದಲ್ಲಿ ಅದರ ಟಿಕ್ ಇದೆ. ಮೊದಲು ಮಸುಕಾಗಿ ಕಾಣುತ್ತದೆ. ಮೇಲಿನ 'ಚೇಂಜ್ ಸೆಟ್ಟಿಂಗ್ಸ್' ಲಿಂಕ್ ಒತ್ತಿದ ಮೇಲೇ ಕೈಗೆ ಸಿಗೋದು. ನನ್ನದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್), ಟಿಕ್ ತೆಗೆದ ಮೇಲೆ ಆನ್ ಆಗುವುದು ನಿಧಾನವಾಯಿತು ಅಂತ ಅನ್ನಿಸಲೇ ಇಲ್ಲ. ಹಳೇ ಹಾರ್ಡ್ ಡಿಸ್ಕ್ ಇದ್ದವರಿಗೆ ಗೊತ್ತಾದೀತು.

ಇನ್ನೊಂದು ಪೀಡೆ: ಎರಡನೇ ಮಾನಿಟರ್ ತೆಗೆದಿಟ್ಟ ಮೇಲೂ ಪ್ರೋಗ್ರಾಂಗಳ ಕೆಲವು ಕಿಟಕಿಗಳು ಅಲ್ಲೇ ಹೋಗಿ ತೆರೆದುಕೊಳ್ಳುತ್ತವೆ. ಟಾಸ್ಕ್‌ಬಾರ್‌ನಲ್ಲಿ ಇದೆ, ಪರದೆಯಲ್ಲಿ ಇಲ್ಲ. ಆ ಕಿಟಕಿಯನ್ನು ಟಾಸ್ಕ್‌ಬಾರ್‌ನಲ್ಲಿ ಒಮ್ಮೆ ಕ್ಲಿಕ್ ಮಾಡಿ, ಆಲ್ಟ್ ಜೊತೆ ಸ್ಪೇಸ್, ಆಮೇಲೆ ಎಂ ಒತ್ತಿ. ಈಗ ಯಾವುದಾದರೂ ಬಾಣದ ಕೀ ಒಂದೇ ಒಂದು ಸಲ. ಅಷ್ಟಾದರೆ ಕಿಟಕಿ ಮೌಸಿಗೆ ಅಂಟಿಕೊಂಡು ಒಳಗೆ ಬರುತ್ತದೆ. ಬಾಣದ ಕೀ ಬಿಟ್ಟು ನೇರ ಮೌಸ್ ಅಲ್ಲಾಡಿಸಿ "ಬರಲಿಲ್ಲ" ಅಂತ ನಾನು ಎಷ್ಟು ಸಲ ಸಿಡುಕಿದ್ದೇನೋ. ಮ್ಯಾಕ್ಸಿಮೈಸ್ ಆಗಿದ್ದರೆ ಮಾತ್ರ ಇದು ನಡೆಯುವುದಿಲ್ಲ. ಆಗ ವಿಂಡೋಸ್ ಕೀ, ಶಿಫ್ಟ್ ಎರಡನ್ನೂ ಹಿಡಿದು ಎಡದ ಬಾಣ ಒತ್ತಿ ನೋಡುತ್ತೇನೆ.

ವಿಂಡೋಸ್ 11ರ ಮೊಟಕು ರೈಟ್ ಕ್ಲಿಕ್ ಮೆನು ನಿಮಗೂ ಆಗದಿದ್ದರೆ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ; ಹಳೇದು ಬರುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿ ತಿದ್ದಿ ಶಾಶ್ವತವಾಗಿ ಮಾಡಬಹುದಂತೆ, ನಾನು ಆ ಗೋಜಿಗೆ ಹೋಗಿಲ್ಲ. ರಿಜಿಸ್ಟ್ರಿ ತೊಳೆದು ಕೊಡುತ್ತೇವೆ ಅನ್ನುವ ಬಿಟ್ಟಿ ಸಾಫ್ಟ್‌ವೇರ್‌ಗಳಿಗಂತೂ ದೂರದಿಂದಲೇ ನಮಸ್ಕಾರ.

ಕರಡು ತಿದ್ದುವುದು ನನ್ನ ಕೆಲಸ, ಹಾಗಾಗಿ ದಿನವಿಡೀ ಕಾಪಿ ಪೇಸ್ಟ್. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದರ ಪಟ್ಟಿ ಸಿಗುತ್ತದೆ, 25ರವರೆಗೆ. ಮೊದಲ ಸಲ ಅದೇ ಆನ್ ಮಾಡಲು ಕೇಳುತ್ತದೆ. ಉದ್ದ ಡ್ಯಾಶ್, ಡಿಗ್ರಿ ಚಿಹ್ನೆ ಮುಂತಾಗಿ ಕೀಬೋರ್ಡಿನಲ್ಲಿ ಹುಡುಕಾಡಿಸುವುದನ್ನೆಲ್ಲ ಅಲ್ಲಿ ಪಿನ್ ಮಾಡಿಟ್ಟಿದ್ದೇನೆ, ರೀಸ್ಟಾರ್ಟ್ ಆದರೂ ಇರುತ್ತವೆ. ಆದರೆ ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಅದೇ ಪಟ್ಟಿಗೆ ಬಂದು ಕೂರಬಹುದು. ಮೊನ್ನೆ ತಮ್ಮನಿಗೆ ಇದನ್ನು ತೋರಿಸಲು ಜಂಬದಿಂದ ಪಟ್ಟಿ ತೆರೆದರೆ, ಎಲ್ಲಕ್ಕಿಂತ ಮೇಲೆ ನನ್ನ ಇಮೇಲ್ ಪಾಸ್‌ವರ್ಡ್. ಅದರಲ್ಲಿ ಅವನ ಅಡ್ಡಹೆಸರಿತ್ತು.